ಅಂಗಡಿ ನಂಬರ್ ಯಾರ ಜೇಬಿನಲ್ಲಿದೆ?

ನಮ್ಮ ಭಾವನದ್ದು ಸಾಗರದ ಹತ್ತಿರ ಪಂಪ್‌ಸೆಟ್ ರಿಪೇರಿ ಅಂಗಡಿ. ಅಲ್ಲಿ ಆರು ವರ್ಷ ಕೆಲಸ ಮಾಡಿದ ಹುಡುಗ ಹೋದ ವರ್ಷ ಬಿಟ್ಟು, ಸ್ವಲ್ಪ ದೂರದಲ್ಲೇ ಸ್ವಂತ ಅಂಗಡಿ ಹಾಕಿದ. ಅದರಲ್ಲಿ ತಪ್ಪೇನಿಲ್ಲ. ಆದರೆ ರೈತರೆಲ್ಲ ಫೋನ್ ಮಾಡುತ್ತಿದ್ದದ್ದು ಅವನ ಮೊಬೈಲ್‌ಗೆ. ಸಿಮ್ ಅವನದು, ನಂಬರ್ ಅವನದು. ಗಿರಾಕಿಗಳೂ ಅವನ ಹಿಂದೆಯೇ ಹೋದರು. ನಮ್ಮ ಬೋರ್ಡಿನ ಮೇಲೆ ಇನ್ನೂ 08183 ಕೋಡಿನ ಲ್ಯಾಂಡ್‌ಲೈನ್ ನಂಬರೇ ಇದೆ. ಅದು ಸತ್ತು ಎಷ್ಟೋ ಕಾಲವಾಯಿತು.

‘ಇಂಟರ್ನೆಟ್ ಫೋನ್ ಹಾಕ್ಸಿ ಭಾವ’ ಅಂದೆ.

‘ವಾಟ್ಸಾಪ್ ಕಾಲ್ ಇದೆಯಲ್ಲ ಮಾರಾಯ, ಅದಕ್ಕೆ ಬೇರೆ ದುಡ್ಡು ಯಾಕೆ?’ ಅಂದರು.

ಬಹಳ ಜನ ಎಡವುವುದು ಇಲ್ಲೇ. ವಾಟ್ಸಾಪ್ ಕರೆಗೆ ಎರಡೂ ಕಡೆ ವಾಟ್ಸಾಪ್ ಬೇಕು, ನೆಟ್ ಬೇಕು. ಲೈಸೆನ್ಸ್ ಇರುವ ಕಂಪನಿ ಕೊಡುವ ಇಂಟರ್ನೆಟ್ ಫೋನ್ ಹಾಗಲ್ಲ. ಅದಕ್ಕೆ ಎಲ್ಲರೂ ಒತ್ತಬಹುದಾದ ನಂಬರ್ ಇರುತ್ತದೆ. ತೋಟದಲ್ಲಿ ನಿಂತ ಅಜ್ಜ ಕೀಪ್ಯಾಡ್ ಫೋನಿನಿಂದಲೇ ಕರೆ ಮಾಡಬಹುದು. ಕರೆ ಕಂಪನಿಯ ಕಂಪ್ಯೂಟರ್‌ಗೆ ಬಂದು, ಅಲ್ಲಿಂದ ಭಾವನ ಫೋನು, ಅಕ್ಕನ ಫೋನು, ಕೆಲಸದವನ ಫೋನು ಮೂರಕ್ಕೂ ಒಟ್ಟಿಗೆ ರಿಂಗ್ ಆಗುವಂತೆ ಮಾಡಿಕೊಳ್ಳಬಹುದು. ಕೆಲಸದವನು ಬಿಟ್ಟರೆ ಅವನ ಹೆಸರು ತೆಗೆದರಾಯಿತು, ನಂಬರ್ ಅಂಗಡಿಯಲ್ಲೇ ಉಳಿಯುತ್ತದೆ. ಯಾವ ಕರೆ ತಪ್ಪಿತು ಎಂಬ ಲೆಕ್ಕವೂ ಸಿಗುತ್ತದೆ.

ಇನ್ನೊಂದು ಮಾತು, ‘ನಮ್ಮೂರ ನೆಟ್‌ನಲ್ಲಿ ಇದೆಲ್ಲ ಆಗೋದಲ್ಲ’. ಒಂದು ಕರೆಗೆ ಹೋಗಲು, ಬರಲು ತಲಾ ಸುಮಾರು 100 ಕೆಬಿಪಿಎಸ್ ಸಾಕು. ಒಂದು ಗಂಟೆ ಮಾತಾಡಿದರೂ 100 ಎಂಬಿ ಒಳಗೇ. ಯೂಟ್ಯೂಬ್ ನೋಡುವವರಿಗೆ ಇದು ಲೆಕ್ಕಕ್ಕೇ ಇಲ್ಲ. ಬೇಕಾದದ್ದು ವೇಗವಲ್ಲ, ಲೈನ್ ಪದೇ ಪದೇ ಕಡಿಯದೆ ಇರುವುದು. ಕಡಿಯುವ ಲೈನ್‌ಗೆ ದೊಡ್ಡ ಪ್ಲಾನ್ ಹಾಕಿಸಿದರೂ ಮಾತು ತುಂಡು ತುಂಡಾಗಿಯೇ ಕೇಳುತ್ತದೆ. ಮಳೆ ಹೊಡೆಯುವ ಸಂಜೆ ಅಂಗಡಿಯ ವೈಫೈನಲ್ಲಿ ಹತ್ತು ನಿಮಿಷ ವಾಟ್ಸಾಪ್ ಕರೆ ಮಾಡಿ ನೋಡಿ, ಗೊತ್ತಾಗುತ್ತದೆ. ಅಂದಹಾಗೆ 2016ರಲ್ಲಿ ಜಿಯೋ ಬಂದಾಗಿನಿಂದ ಅದರ ಕರೆಗಳೆಲ್ಲ ಡೇಟಾದ ದಾರಿಯಲ್ಲೇ ಹೋಗುತ್ತಿವೆ. ನಮಗೆ ಹೇಳಿದವರಿಲ್ಲ, ಅಷ್ಟೆ.

ನನಗೆ ಸಿಟ್ಟು ಬರುವುದು ಕರೆಂಟಿನ ವಿಷಯದಲ್ಲಿ. ಮಾರಲು ಬರುವವರು ಇದನ್ನು ಹೇಳುವುದೇ ಇಲ್ಲ. ಹಳೇ ಲ್ಯಾಂಡ್‌ಲೈನ್‌ಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ತಂತಿಯಲ್ಲೇ ಕರೆಂಟ್ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಅದು ರಿಂಗ್ ಆಗುತ್ತಿತ್ತು. ಫೈಬರ್‌ನಲ್ಲಿ ಬರುವುದು ಬೆಳಕು ಮಾತ್ರ, ಕರೆಂಟ್ ಬರುವುದಿಲ್ಲ. ಅಂಗಡಿಯ ಡಬ್ಬಿ ಆರಿದರೆ ಅದಕ್ಕೆ ಜೋಡಿಸಿದ ಫೋನೂ ಆರಿತು. ರೂಟರ್‌ಗೆ ಸಣ್ಣ ಯುಪಿಎಸ್ ಹಾಕಬಹುದು, ಆದರೆ ಕೇಬಲ್‌ನವರ ಕಡೆಯೂ ಬ್ಯಾಟರಿ ಇರಬೇಕಲ್ಲ? ಅದಕ್ಕೇ ‘ನೆಟ್ ಹೋದರೆ ಕರೆ ನನ್ನ ಮೊಬೈಲ್‌ಗೆ ಬರಲಿ’ ಎಂದು ಮೊದಲೇ ಹಾಕಿಸಿಕೊಳ್ಳಬೇಕು. ಆ ವ್ಯವಸ್ಥೆ ಇರುವುದು ಕಂಪನಿಯ ಕಡೆ, ಹಾಗಾಗಿ ನಿಮ್ಮಲ್ಲಿ ಕತ್ತಲಿದ್ದರೂ ನಡೆಯುತ್ತದೆ. ಮಲೆನಾಡಿನಲ್ಲಿ ಇದಿಲ್ಲದೆ ಒಪ್ಪಲೇಬೇಡಿ.

ಕಾನೂನುಬಾಹಿರ ಎಂಬ ಭಯವೂ ಇದೆ. ಅಪರಾಧ ಇರುವುದು, ವಿದೇಶದ ಕರೆಗಳನ್ನು ಸಿಮ್ ಬಾಕ್ಸ್‌ಗೆ ತುಂಬಿ ಲೋಕಲ್ ಕರೆಯಂತೆ ದಾಟಿಸುವುದರಲ್ಲಿ. ದಾಖಲೆ ಕೇಳದೆ ನಂಬರ್ ಕೊಡಲು ಬಂದವರನ್ನು ಮಾತ್ರ ಒಳಗೆ ಬಿಡಬೇಡಿ.

ಹಾಗಂತ ಎಲ್ಲರಿಗೂ ಬೇಕು ಎನ್ನುವುದಿಲ್ಲ. ಒಬ್ಬರೇ ಕೂರುವ ಅಂಗಡಿಗೆ ತಿಂಗಳ ಬಾಡಿಗೆ ದಂಡ. ಮಾಲೀಕರ ಹೆಸರಲ್ಲಿ ಇನ್ನೊಂದು ಸಿಮ್ ತೆಗೆದು, ಗಲ್ಲಾದ ಪಕ್ಕ ಒಂದು ಫೋನ್ ಇಟ್ಟರೆ ಸಾಕು. ಭಾವ ಈಗ ಮಾಡಿರುವುದೂ ಅಷ್ಟೇ. ಬೋರ್ಡಿಗೆ ಪೇಂಟ್ ಹೊಡೆಸುವುದು ಮಳೆಗಾಲ ಮುಗಿದ ಮೇಲಂತೆ.