ಮಾಡು ಉಸಿರಾಡಲಿ ಬಿಡಿ

ಮಳೆಗಾಲ ಮುಗಿದ ಕೂಡಲೇ ಮಲೆನಾಡಿನ ಕಡೆಯ ನೆಂಟರಿಂದ ಬರುವ ಫೋನುಗಳಲ್ಲಿ ಒಂದು ಮಾತು ಖಾಯಂ. "ಮಾಡಿನ ಮರ ಎಲ್ಲ ಕುಂಬಾಗಿದೆ ಮಾರಾಯ, ಕಿತ್ತು ಹಾಕಿ ತಗಡು ಹೊದಿಸೋದೇ ಸೈ." ಮೂರು ತಲೆಮಾರು ನಿಂತ ಮಾಡು ಈಗ ಹತ್ತೇ ವರ್ಷದಲ್ಲಿ ಕುಂಬಾಯಿತು ಅಂದರೆ ತಪ್ಪು ಮರದ್ದಾ? ನನಗಂತೂ ಹಾಗನ್ನಿಸುವುದಿಲ್ಲ.

ಮರ ವಯಸ್ಸಿಗೆ ಕೊಳೆಯುವುದಿಲ್ಲ ನೋಡಿ, ಒದ್ದೆಗೆ ಕೊಳೆಯುತ್ತದೆ. ಅದನ್ನು ತಿನ್ನುವುದು ಒಂದು ಜಾತಿಯ ಶಿಲೀಂಧ್ರ, ಅಣಬೆಯ ನೆಂಟ. ನೀರಿಲ್ಲದೆ ಅದರ ಆಟ ನಡೆಯುವುದಿಲ್ಲ. ಮರದೊಳಗಿನ ತೇವ ಅದರ ಒಣತೂಕದ ಶೇ. 20ರ ಒಳಗಿದ್ದರೆ ಕೊಳೆ ಹತ್ತದು. ಶೇ. 30ರ ಹತ್ತಿರ ಹೋಗಿ ಅಲ್ಲೇ ವಾರಗಟ್ಟಲೆ ನಿಂತಿತೋ, ಶುರು. ಮರ ಕಂದಾಗಿ, ಚೌಕ ಚೌಕವಾಗಿ ಬಿರಿದು, ಕಡೆಗೆ ಬೆರಳಲ್ಲಿ ಉಜ್ಜಿದರೆ ಪುಡಿ! ಇದನ್ನೇ ಗೆದ್ದಲು ಅಂದುಕೊಂಡು ಔಷಧಿ ಹೊಡೆಸುವವರಿದ್ದಾರೆ. ಗೆದ್ದಲಾದರೆ ಸಾಮಾನ್ಯವಾಗಿ ಮಣ್ಣಿನ ಜಾಡು ಇರುತ್ತದೆ. ಇಲ್ಲಿ ಇರುವುದಿಲ್ಲ.

ಮತ್ತೆ ಹಳಬರ ಮಾಡು ಹೇಗೆ ಉಳಿಯಿತು? ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆಯೇ 7,000 ಮಿಲಿಮೀಟರ್ ದಾಟುತ್ತದೆ. ಅಂಥ ಮಳೆಗೆ ಮಾಡು ನೆನೆಯದೇ ಇರಲಿಲ್ಲ, ನೆನೆದದ್ದು ಒಣಗುತ್ತಿತ್ತು ಅಷ್ಟೆ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಹಬ್ಬಿದ ಹಂಚು ಒಂದಕ್ಕೊಂದು ಸಿಕ್ಕಿಕೊಂಡು ಕೂರುತ್ತದೆ, ನಡುವೆ ಗಾರೆ ಇಲ್ಲ. ಸಂದಿಯಲ್ಲಿ ಗಾಳಿ ಆಡುತ್ತದೆ. ಕೆಳಗೆ ದಿನವಿಡೀ ಒಲೆ ಉರಿಯುತ್ತಿತ್ತು. ಆ ಕಾವಿಗೆ ಅಟ್ಟ ಜಡಿಮಳೆಯಲ್ಲೂ ಬೆಚ್ಚಗಿರುತ್ತಿತ್ತು.

ಈಗ ನಾವೇನು ಮಾಡಿದ್ದೇವೆ? ಧೂಳು ಬೀಳುತ್ತೆ ಅಂತ ಹಂಚಿನಡಿ ಪ್ಲಾಸ್ಟಿಕ್ ಹಾಳೆ ಬಿಗಿದೆವು. ಚೆಂದಕ್ಕೆ ಫಾಲ್ಸ್ ಸೀಲಿಂಗ್ ಹೊಡೆಸಿದೆವು. ಗೋಡೆಯ ಮೇಲೆ ಕೂತ ತೊಲೆಯ ತುದಿಗೆ ಸುತ್ತ ಸಿಮೆಂಟು ಮೆತ್ತಿದೆವು. ಇನ್ನೂ ಹಸಿ ಇರುವ ಮರಕ್ಕೆ ದಪ್ಪಗೆ ಬಣ್ಣ ಬಳಿದು ಒಳಗಿನ ನೀರನ್ನು ಒಳಗೇ ಕೂಡಿಹಾಕಿದೆವು. ಹಂಚು ಒಡೆದು ಸೋರಿದರೂ ಸೀಲಿಂಗ್ ಮೇಲೆ ಏನಾಗುತ್ತಿದೆ ಅಂತ ಯಾರಿಗೂ ಕಾಣುವುದಿಲ್ಲ.

ಹಾಗಂತ ಒಲೆ ವಾಪಸ್ ಹಚ್ಚಿ ಅಂತ ನಾನು ಹೇಳುತ್ತಿಲ್ಲ. ಆ ಹೊಗೆಯಲ್ಲಿ ಊದಿ ಊದಿ ನಮ್ಮಜ್ಜಿ ಕೆಮ್ಮುತ್ತಿದ್ದದ್ದು ನನಗೆ ನೆನಪಿದೆ. ಮರ ಉಳಿಸೋಕೆ ಹೆಂಗಸರ ಉಸಿರು ತೆಗೆಯಬೇಕಿಲ್ಲ. ಗ್ಯಾಸು ಇರಲಿ. ಆದರೆ ಒಲೆಯ ಕಾವು ಹೋದ ಮೇಲೆ ಗಾಳಿಯಾದರೂ ಜಾಸ್ತಿ ಬೇಕಿತ್ತು. ನಾವು ಅದನ್ನೂ ಮುಚ್ಚಿಬಿಟ್ಟೆವಲ್ಲ, ನನ್ನ ತಕರಾರು ಅದಕ್ಕೆ.

ತಗಡು ಹಾಕಿದರೆ ಎಲ್ಲ ಸರಿಹೋಗುತ್ತಾ? ಚಳಿಯ ರಾತ್ರಿ ತಗಡಿನ ಒಳಮೈ ಬೆವರಿ ತೊಟ್ಟಿಕ್ಕುತ್ತದೆ. ಗಾಳಿಗೆ ದಾರಿ ಬಿಡದಿದ್ದರೆ ಕೆಳಗೆ ಉಳಿದ ಮರಕ್ಕೆ ಮತ್ತದೇ ಗತಿ. ಖರ್ಚು ಮಾತ್ರ ಹೊಸದು.

ಮಾಡು ಕೀಳುವ ಮೊದಲು ಒಂದು ಏಣಿ, ಒಂದು ಟಾರ್ಚು, ಒಂದು ಸ್ಕ್ರೂಡ್ರೈವರ್ ತಗೊಂಡು ಒಳಗಿನಿಂದ ನೋಡಿ. ಸೂರಿನ ತುದಿ, ಗೋಡೆಗೆ ತಾಗುವ ತೊಲೆಯ ತಲೆ, ಎರಡು ಮಾಡು ಸೇರುವ ಮೂಲೆ... ಈ ಮೂರು ಕಡೆ ಚುಚ್ಚಿ ನೋಡಿ. ಸಲೀಸಾಗಿ ಒಳಹೊಕ್ಕರೆ ಅಲ್ಲಿ ಕೊಳೆ ಇದೆ. ಮೊದಲು ನೀರಿನ ದಾರಿ ಮುಚ್ಚಿ, ಆಮೇಲೆ ಗಾಳಿಯ ದಾರಿ ತೆರೆಯಿರಿ. ಕೆಟ್ಟ ತುಂಡನ್ನು ಗಟ್ಟಿ ಮರ ಸಿಗುವವರೆಗೆ ಕೊಯ್ದು ಒಣಗಿದ ಮರದಲ್ಲಿ ಬೆಸೆಯಿರಿ. ಚೇಗು ಇರುವುದನ್ನೇ ಆರಿಸಿ. ಹೊರಗಿನ ಬಿಳಿ ಭಾಗ ಸಾಗುವಾನಿಯದ್ದಾದರೂ ಬೇಗ ಕೊಳೆಯುತ್ತದೆ. ಬಹಳ ಮನೆಗಳಲ್ಲಿ ಹಾಳಾಗಿರುವುದು ತುದಿಗಳು ಮಾತ್ರ, ಇಡೀ ಮಾಡಲ್ಲ.

ಇದೆಲ್ಲ ಬರೀ ಹಳೇ ಮನೆಯ ಮೇಲಿನ ಮೋಹ ಅಂತ ನಗಬೇಡಿ. ಕುಂಬಾದ ಪಕಾಸು ಮೊದಲು ಕೆಡವುವುದು ಯಜಮಾನನನ್ನಲ್ಲ, ಮಳೆಗೆ ಮುಂಚೆ ಹಂಚು ಕೈಯಾಡಿಸಲು ಮೇಲೆ ಹತ್ತುವ ಕೂಲಿಯವನನ್ನು. ಒಳಗಿನಿಂದ ಚುಚ್ಚಿ ನೋಡದೆ ಯಾರನ್ನೂ ಮಾಡಿನ ಮೇಲೆ ಹತ್ತಿಸಬೇಡಿ, ಅಷ್ಟು ಮಾಡಿದರೂ ಸಾಕು.

ನಿಮ್ಮ ಕಡೆ ತೊಲೆಯ ತಲೆ ಕೆಡದ ಹಾಗೆ ಹಳಬರು ಏನು ಮಾಡುತ್ತಿದ್ದರು? ಗೊತ್ತಿದ್ದವರು ಹೇಳಿ, ನನಗೂ ಬೇಕಾಗಿದೆ.