ರಾಕೆಟ್ ಮುಂದೆ ಹೋಯಿತು, ಗಡಿಯಾರ ಹಿಂದುಳಿಯಿತು

ಹುಬ್ಬಳ್ಳಿ ಹತ್ತಿರದ ಅಮರಗೋಳವನ್ನು ನಡುವೆ ಇಟ್ಟುಕೊಂಡು ನಕ್ಷೆಯ ಮೇಲೆ ಮೂರು ವೃತ್ತ ಎಳೆಯೋಣ. 1999ರಲ್ಲಿ ಕಾರ್ಗಿಲ್‌ನಲ್ಲಿ ಮೊದಲ ಸಲ ಯುದ್ಧ ಕಂಡ ನಮ್ಮ ಸೇನೆಯ ಪಿನಾಕಾ ರಾಕೆಟ್ಟಿನ ವ್ಯಾಪ್ತಿ ಸುಮಾರು 38 ಕಿ.ಮೀ. ಆ ವೃತ್ತ ನವಲಗುಂದವನ್ನು ತುಸು ದಾಟಿ ನಿಲ್ಲುತ್ತದೆ. ನಂತರ ಬಂದ ನಿರ್ದೇಶಿತ ಪಿನಾಕಾದ 75 ಕಿ.ಮೀ. ವೃತ್ತ ಹಾವೇರಿಯ ಹತ್ತಿರ ಹೋಗುತ್ತದೆ. 2025ರ ಡಿಸೆಂಬರ್ 29ರಂದು ಒಡಿಶಾದ ಚಾಂದಿಪುರದಲ್ಲಿ ಮೊದಲ ಸಲ ಹಾರಿದ ಹೊಸ ಪಿನಾಕಾದ್ದು 120 ಕಿ.ಮೀ. ಆ ವೃತ್ತದೊಳಗೆ ಬೆಳಗಾವಿ, ಬಾಗಲಕೋಟೆ ಎರಡೂ ಬರುತ್ತವೆ. ಪಡುವಣದಲ್ಲಿ ಕಾರವಾರದ ಸೆರಗನ್ನೇ ಮುಟ್ಟುತ್ತದೆ. ಅದನ್ನು ಹಾರಿಸಿದ್ದು ಸೇನೆಯ ಬಳಿ ಈಗಾಗಲೇ ಇರುವ ಅದೇ ಲಾರಿಯ ಮೇಲಿನ ಲಾಂಚರ್‌ನಿಂದ. ಹೊಸ ವಾಹನ ಬೇಕಾಗಲಿಲ್ಲ. ಪುಣೆಯ ಶಸ್ತ್ರಾಸ್ತ್ರ ಸಂಶೋಧನಾ ಸಂಸ್ಥೆ ಎಆರ್‌ಡಿಇಯ ವಿಜ್ಞಾನಿಗಳ ದೊಡ್ಡ ಸಾಧನೆ ಇದು. ಅದನ್ನು ಹೆಮ್ಮೆಯಿಂದಲೇ ಹೇಳಬೇಕು.

ಆದರೆ ವ್ಯಾಪ್ತಿ ಹೆಚ್ಚಿದಂತೆ ಗುರಿಯ ಕಷ್ಟವೂ ಹೆಚ್ಚುತ್ತದೆ. ದಿಕ್ಕು ಒಂದು ಡಿಗ್ರಿ ತಪ್ಪಿದರೆ 38 ಕಿ.ಮೀ. ದೂರದಲ್ಲಿ ರಾಕೆಟ್ ಸುಮಾರು 660 ಮೀಟರ್ ಆಚೆ ಬೀಳುತ್ತದೆ. ಅದೇ ತಪ್ಪಿಗೆ 120 ಕಿ.ಮೀ.ನಲ್ಲಿ ಎರಡು ಕಿ.ಮೀ.ಗೂ ಹೆಚ್ಚು ಅಂತರ. ಹಳೆಯ ಪಿನಾಕಾಗೆ ಇದು ದೊಡ್ಡ ತೊಡಕಾಗಿರಲಿಲ್ಲ. ಒಂದು ಲಾಂಚರ್ 44 ಸೆಕೆಂಡಿನಲ್ಲಿ 12 ರಾಕೆಟ್ ಸುರಿಯುತ್ತಿತ್ತು, ಆರು ಲಾಂಚರ್‌ಗಳ ತುಕಡಿ 72. ಒಂದು ಇಡೀ ಪ್ರದೇಶವನ್ನು ಆವರಿಸುವುದೇ ಅದರ ಕೆಲಸವಾಗಿತ್ತು. ಎರಡು ಶತಮಾನಕ್ಕೂ ಹಿಂದೆ ಹೈದರ್ ಮತ್ತು ಟಿಪ್ಪು ಸೇನೆಯ ಕಬ್ಬಿಣದ ಕೊಳವೆಯ ರಾಕೆಟ್ಟುಗಳ ತಂತ್ರವೂ ಇದೇ: ಒಟ್ಟಾಗಿ ಹಾರಿಸು, ಎದುರಾಳಿಯ ಸಾಲು ಚದುರಿಸು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಬಾವಿಯೊಂದರಲ್ಲಿ ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕಾಗ ಎಲ್ಲರೂ ಬೆರಗಾದೆವು.

120 ಕಿ.ಮೀ. ರಾಕೆಟ್ಟಿನ ಲೆಕ್ಕ ಬೇರೆ. ಸುರಿಮಳೆಯಿಂದ ಅದರ ಕೆಲಸ ಆಗದು. ಸೇತುವೆ, ರಾಡಾರ್, ಮದ್ದುಗುಂಡಿನ ಉಗ್ರಾಣದಂಥ ಒಂದು ನಿರ್ದಿಷ್ಟ ಬಿಂದುವನ್ನು ಮುಟ್ಟಬೇಕು. ಅದಕ್ಕಾಗಿ ಒಳಗಿರುವ ಸಂವೇದಕಗಳು ತಾವು ಎಷ್ಟು ತಿರುಗಿದೆವು, ಎಷ್ಟು ವೇಗ ಪಡೆದೆವು ಎಂದು ಲೆಕ್ಕ ಹಾಕುತ್ತ ಹೋಗುತ್ತವೆ. ಚಿಕ್ಕ ರೆಕ್ಕೆಗಳು ದಾರಿ ತಿದ್ದುತ್ತವೆ. ಆ ಲೆಕ್ಕದಲ್ಲಿ ಕ್ಷಣಕ್ಷಣಕ್ಕೂ ಸೇರುವ ಚೂರುಪಾರು ದೋಷವನ್ನು ಸರಿಪಡಿಸಲು ಆಕಾಶದಿಂದ ಉಪಗ್ರಹದ ಸಂಕೇತ ಬರಬೇಕು. ನಿರ್ದೇಶಿತ ಪಿನಾಕಾಗೆ ನಮ್ಮದೇ ಉಪಗ್ರಹ ಪಥದರ್ಶನ ವ್ಯವಸ್ಥೆ ಐಆರ್‌ಎನ್‌ಎಸ್‌ಎಸ್, ಅಂದರೆ ನಾವಿಕ್, ನೆರವಾಗುತ್ತದೆ ಎಂದು 2019ರ ಪರೀಕ್ಷೆಯ ಹೊತ್ತಿಗೇ ಸರ್ಕಾರ ಹೇಳಿದೆ.

ನನ್ನ ಆತಂಕ ಇರುವುದು ಇಲ್ಲಿ. ನಾವಿಕ್‌ಗೆ ಕೇಂದ್ರ ಒಪ್ಪಿಗೆ ಕೊಟ್ಟದ್ದು 2006ರಲ್ಲಿ. ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಆ ಉಪಗ್ರಹದ ಮೂರೂ ಪರಮಾಣು ಗಡಿಯಾರಗಳು ಕೆಲವೇ ವರ್ಷಗಳಲ್ಲಿ ಕೆಟ್ಟವು. ಅವು ಸ್ವಿಟ್ಜರ್ಲೆಂಡಿನಿಂದ ತರಿಸಿದ್ದವು. ಉಪಗ್ರಹ ಪಥದರ್ಶನದಲ್ಲಿ ದೂರವನ್ನು ಅಳೆಯುವುದೇ ಸಮಯದಿಂದ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೆ ಅಳತೆಯಲ್ಲಿ 300 ಮೀಟರ್ ವ್ಯತ್ಯಾಸ ಬರುತ್ತದೆ. ಗಡಿಯಾರ ಸತ್ತ ಮೇಲೆ ಉಪಗ್ರಹ ಸಂದೇಶ ಸಾರಬಲ್ಲದು, ದಾರಿ ತೋರಿಸಲಾರದು.

2025ರ ಜುಲೈನಲ್ಲಿ ಸಂಸತ್ತಿಗೆ ಸಿಕ್ಕ ಮಾಹಿತಿಯಂತೆ, ಅಲ್ಲಿಯವರೆಗೆ ಉಡಾಯಿಸಿದ 11 ಉಪಗ್ರಹಗಳಲ್ಲಿ ಸ್ಥಾನ ತಿಳಿಸುವ ಕೆಲಸ ಮಾಡುತ್ತಿದ್ದವು ನಾಲ್ಕೇ. ಭೂಮಿಯ ಮೇಲಿನ ಒಂದು ಬಿಂದುವನ್ನು ಎತ್ತರ, ಸಮಯ ಸಹಿತ ಗುರುತಿಸಲು ಕನಿಷ್ಠ ನಾಲ್ಕು ಉಪಗ್ರಹ ಬೇಕು. ಅಂದರೆ ಆಗ ಹೆಚ್ಚುವರಿಯಾಗಿ ಒಂದೂ ಇರಲಿಲ್ಲ. ಭಾರತದಲ್ಲೇ ಮಾಡಿದ ಗಡಿಯಾರ ಹೊತ್ತ ಎನ್‌ವಿಎಸ್-01 ಉಪಗ್ರಹ 2023ರ ಮೇನಲ್ಲಿ ಯಶಸ್ವಿಯಾಗಿ ಏರಿತು. ಅದರ ತಮ್ಮ ಎನ್‌ವಿಎಸ್-02, ಶ್ರೀಹರಿಕೋಟದ ನೂರನೇ ಉಡಾವಣೆಯಾಗಿ 2025ರ ಜನವರಿ 29ರಂದು ಹಾರಿದರೂ ಕವಾಟ ತೆರೆಯದ ಕಾರಣ ಸರಿಯಾದ ಕಕ್ಷೆಗೆ ಹೋಗಲಿಲ್ಲ. ಮೂರನೆಯದು ಆ ವರ್ಷದ ಕೊನೆಯೊಳಗೆ ಎಂದು ಭರವಸೆ ಬಂತು. ಚಾಂದಿಪುರದಲ್ಲಿ 120 ಕಿ.ಮೀ. ರಾಕೆಟ್ ಹಾರಿದ ದಿನ ಆ ಉಪಗ್ರಹ ಇನ್ನೂ ನೆಲದ ಮೇಲಿತ್ತು.

ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೋನಾಸ್ ಇವೆಯಲ್ಲ ಎನ್ನುವವರಿದ್ದಾರೆ. ಇವೆ, ಶಾಂತಿಕಾಲದಲ್ಲಿ ಸಾಕು. ಯುದ್ಧದಲ್ಲಿ ಏನಾಗುತ್ತದೆ ಎಂಬುದನ್ನು ಉಕ್ರೇನ್ ತೋರಿಸಿದೆ. 2022ರ ಜೂನ್‌ನಲ್ಲಿ ಅಲ್ಲಿಗೆ ಬಂದ ಅಮೆರಿಕದ ಹಿಮಾರ್ಸ್ ರಾಕೆಟ್ ಲಾರಿಗಳು ಮೊದಮೊದಲು ರಷ್ಯಾದ ಶಸ್ತ್ರಾಗಾರಗಳನ್ನು ಒಂದೊಂದಾಗಿ ಹುಡುಕಿ ಹೊಡೆದವು. ನಂತರ ರಷ್ಯಾ ಉಪಗ್ರಹ ಸಂಕೇತಗಳನ್ನೇ ಜಾಮ್ ಮಾಡಲು ಕಲಿತು, ಅದೇ ರಾಕೆಟ್ಟುಗಳ ನಿಖರತೆ ಕುಸಿಯಿತು. ನಮ್ಮ ನೆರೆಯವರೂ ಆ ಯುದ್ಧವನ್ನು ಓದುತ್ತಿದ್ದಾರೆ. ಸೇನೆಯಂಥ ಅಧಿಕೃತ ಬಳಕೆದಾರರಿಗೆಂದೇ ಮೀಸಲಾದ, ಗೂಢಲಿಪಿಯ ಸಂಕೇತವೊಂದು ನಾವಿಕ್‌ನಲ್ಲಿದೆ. ಅದರ ಬೆಲೆ ತಿಳಿಯುವುದು ಅಂಥ ದಿನ.

ಹಣದ ಹರಿವು ಮಾತ್ರ ಬೇರೆ ಕಡೆಗಿದೆ. 2020ರ ಆಗಸ್ಟ್ 31ರಂದು ಆರು ಪಿನಾಕಾ ರೆಜಿಮೆಂಟ್‌ಗಳಿಗೆ ಸುಮಾರು ₹2,580 ಕೋಟಿಯ ಒಪ್ಪಂದವಾಯಿತು. ಅದರಲ್ಲಿ 330 ವಾಹನಗಳನ್ನು ಪೂರೈಸುವ ಹೊಣೆ ಬೆಂಗಳೂರಿನ ಬಿಇಎಂಎಲ್‌ಗೆ ಬಂತು. ಹಾರಿಸಿದ ತಕ್ಷಣ ಜಾಗ ಬದಲಿಸಿದರಷ್ಟೇ ಲಾಂಚರ್ ಉಳಿಯುವುದು, ಹಾಗಾಗಿ ಲಾರಿಯೇ ಅರ್ಧ ಅಸ್ತ್ರ. ಅದು ನಮ್ಮ ರಾಜ್ಯದ ಕಂಪನಿಯ ಕೈಯಲ್ಲಿರುವುದು ಒಳ್ಳೆಯದು. 2025ರ ಫೆಬ್ರುವರಿಯಲ್ಲಿ ಪಿನಾಕಾ ರಾಕೆಟ್ಟುಗಳಿಗೇ ₹10,147 ಕೋಟಿಯ ಒಪ್ಪಂದಗಳಾದವು. ಅವು ಪ್ರದೇಶ ಆವರಿಸುವ ಬಗೆಯವು, ಸೇನೆಗೆ ಬೇಕಾದವೇ. ಆದರೆ 2006ರಲ್ಲಿ ನಾವಿಕ್‌ಗೆ ಒಪ್ಪಿದ ಮೊತ್ತ ₹1,420 ಕೋಟಿ. ಎರಡು ದಶಕದ ಬೆಲೆಯೇರಿಕೆಯನ್ನು ಲೆಕ್ಕಕ್ಕೆ ಹಿಡಿದರೂ ಈ ಅಂತರ ಸಮರ್ಥನೀಯವಲ್ಲ.

ಆದ್ದರಿಂದ ದೀರ್ಘವ್ಯಾಪ್ತಿಯ ಪಿನಾಕಾ ಖರೀದಿಗೆ ಸಹಿ ಬೀಳುವಾಗ, ಅದೇ ಕಡತದಲ್ಲಿ ನಾವಿಕ್ ಉಪಗ್ರಹಗಳ ದಿನಾಂಕವೂ ಹಣವೂ ಇರಬೇಕು. ಕನಿಷ್ಠ ಏಳು ಉಪಗ್ರಹ ಸದಾ ಸುಸ್ಥಿತಿಯಲ್ಲಿರುವಂತೆ ನೋಡಿಕೊಳ್ಳುವ ಹೊಣೆಯಲ್ಲಿ ರಕ್ಷಣಾ ಸಚಿವಾಲಯವೂ ಪಾಲು ಹೊರಬೇಕು, ಇಸ್ರೊ ಒಂದರ ತಲೆಗೇ ಕಟ್ಟಿದರೆ ಆಗದು. ಉಪಗ್ರಹ ಸಂಕೇತ ಕಡಿದುಹೋದಾಗಲೂ ದಾರಿ ತಪ್ಪದಂತೆ ತಿರುವನ್ನು ಅಳೆಯುವ ಜೈರೋ, ದೀರ್ಘಕಾಲ ಬಾಳುವ ಗಡಿಯಾರ, ಜಾಮಿಂಗ್ ತಡೆಯುವ ಆಂಟೆನಾ ಇವುಗಳ ಸಂಶೋಧನೆ ಬೆಂಗಳೂರು, ಅಹಮದಾಬಾದ್‌ನಂಥ ನಗರಗಳಲ್ಲೇ ಉಳಿಯಬೇಕಿಲ್ಲ. ಅಮರಗೋಳದಿಂದ ಅಷ್ಟೇನೂ ದೂರವಿಲ್ಲದ ಐಐಟಿ ಧಾರವಾಡಕ್ಕೆ ಈ ಕೆಲಸದ ಒಂದು ಭಾಗವನ್ನು, ಹತ್ತು ವರ್ಷದ ಖಾತರಿ ಅನುದಾನದೊಂದಿಗೆ, ಕೇಂದ್ರ ಈ ವರ್ಷವೇ ವಹಿಸಬಹುದು.