ಬಚ್ಚಲಕ್ಕ ಬಣ್ಣ: ರೀಲ್ಸ್‌ನಾಗ ತೋರಿಸದ ಮಾತು

ದೋಸ್ತರೇ, ರಾಮತೀರ್ಥ ನಗರದಾಗ ಹಳೇ ಬಚ್ಚಲದ ಟೈಲ್ಸ್ ಹಳದಿ ಆದ್ರ, ಬೇಸಿನ್ ಮಂಕಾದ್ರ "ಒಡಿಯೋದ್ಯಾಕ, ನಾವ ಬಣ್ಣ ಹಚ್ಚೋಣು" ಅಂತೀರಿ. ಹಚ್ರಿ, ನನಗೂ ಅದ ಸರಿ ಅನಸ್ತದ. ಆದ್ರ ಮೂವತ್ತು ಸೆಕೆಂಡಿನ ರೀಲ್ ನೋಡಿ ಇಳಿಬ್ಯಾಡ್ರಿ.

ಟೈಲ್ಸ್ ಮ್ಯಾಲಿನ ಹೊಳಪು ಅಂದ್ರ ಗಾಜಿನ ಪದರ. ಖಾನಾಪುರದಾಗ ಕುಂಬಾರಿಕೆ ಕಲಿತವ್ರಿಗೆ ಇದು ಗೊತ್ತಿರ್ತದ. ನುಣುಪು ಗಾಜಿಗೆ ಬಣ್ಣ ಹಿಡಿಯೂದಿಲ್ಲ. ಅದಕ್ಕ ಸಾಬೂನಿನ ಜಿಡ್ಡು, ಗಡಸು ನೀರಿನ ಕಲೆ ತೆಗೆದು, 400 ನಂಬರಿನ ವಾಟರ್ ಪೇಪರ್‌ನಿಂದ ಉಜ್ಜಿ, ಪೂರ್ತಿ ಒಣಗಿಸಬೇಕು. ಆಮ್ಯಾಲೆ ಎರಡು ಭಾಗ ಕಲಸೋ ಎಪಾಕ್ಸಿ ಪೇಂಟ್, ತೆಳ್ಳಗ ಎರಡು ಕೋಟ್. ಡಬ್ಬಿ ಮ್ಯಾಲೆ ಬರೆದಷ್ಟು ದಿನ ನೀರು ಮುಟ್ಟಿಸಬಾರದು. ನಮ್ಮ ಬೆಳಗಾವಿ ಮಳಿಗಾಲದಾಗಂತೂ ಬ್ಯಾಡ, ಒಣಗೂದ ಇಲ್ಲ.

ಇನ್ನ ಜೀವದ ಮಾತು. ಅಮೆರಿಕಾದಾಗ 2000ರಿಂದ 2011ರೊಳಗ ಬಾತ್‌ಟಬ್ ಹೊಸದು ಮಾಡೋ 13 ಕೆಲಸಗಾರರು ಸತ್ರು. ಹಳೇ ಬಣ್ಣ ಕೀಳೋ ಮಿಥಿಲೀನ್ ಕ್ಲೋರೈಡ್ ಆವಿ ಸಣ್ಣ ಬಚ್ಚಲದಾಗ ತುಂಬಿತ್ತು. ಅವ್ರು ಕೆಲಸ ಗೊತ್ತಿದ್ದವ್ರು! ಅದಕ್ಕ ಡಬ್ಬಿ ಮ್ಯಾಲೆ ಆ ಹೆಸರಿದ್ರ ತರಬ್ಯಾಡ್ರಿ. ಆಸಿಡ್‌ಗೆ ಬ್ಲೀಚಿಂಗ್ ಪೌಡರ್ ಕೂಡಿಸಬ್ಯಾಡ್ರಿ, ವಿಷದ ಕ್ಲೋರಿನ್ ಏಳ್ತದ. ಕಿಡಕಿ ತೆಗೀರಿ, ಫ್ಯಾನ್ ಹಚ್ರಿ, ಹೊರಗ ಒಬ್ಬರನ್ನ ನಿಲ್ಲಿಸ್ರಿ.

ಬಿರುಕಿನ್ಯಾಗ ನೀರು ಸೋರ್ತಿದ್ರ ಬಣ್ಣದಿಂದ ಏನೂ ಆಗೂದಿಲ್ಲ, ಗೌಂಡಿನ್ನ ಕರೀರಿ. ಬಾಡಗಿ ರೂಮಾದ್ರ ಮಾಲಕರನ್ನ ಕೇಳ್ರಿ.

ನಿಮ್ಮ ಬಚ್ಚಲಕ್ಕ ಕಿಡಕಿ ಐತೇನು? ಇಲ್ಲಾಂದ್ರ ಈ ಕೆಲಸ ಬಿಟ್ಟುಬಿಡ್ರಿ.

#ಬೆಳಗಾವಿ #ರಾಮತೀರ್ಥನಗರ #ಮನಿರಿಪೇರಿ